ಸದ್ದು, ನಾದ, ಯಂತ್ರ: ಅಹಮದಾಬಾದಿನ ಧ್ವನಿಸುರುಳಿಗಳು ಮತ್ತು ಕನ್ನಡದ ಕಿವಿ

ಕಾವ್ಯದ ಧ್ವನಿಯನ್ನು ಕುರಿತು ಕನ್ನಡ ವಿಮರ್ಶೆ ಸಾಕಷ್ಟು ಬರೆದಿದೆ. ಕಿವಿಗೆ ಬೀಳುವ ಧ್ವನಿಯನ್ನು ಕುರಿತು ಅದು ಬರೆದಿರುವುದು ಕಡಿಮೆ. ಬರೆದಿರುವಷ್ಟಾದರೂ ರಾಗ, ತಾಳ, ಸಾಹಿತ್ಯ, ಗಾಯಕರ ಜೀವನಚರಿತ್ರೆ ಇವುಗಳ ಎಲ್ಲೆಯೊಳಗೇ ನಿಂತಿದೆ. ವಾದ್ಯವೆಂಬ ವಸ್ತು, ಅದರಲ್ಲೂ ವಿದ್ಯುತ್ತಿನಿಂದ ನುಡಿಯುವ ವಾದ್ಯ, ನಮ್ಮ ಸಂಗೀತ ಚಿಂತನೆಗೆ ಇಂದಿಗೂ ಹೊರಗಿನದೇ ಆಗಿದೆ. ಸಿಂಥಸೈಸರ್ ಎಂಬ ಪದ ಕನ್ನಡ ಬರಹಗಳಲ್ಲಿ ಬರುವುದು ಬಹುಮಟ್ಟಿಗೆ ದೂರಿನ ರೂಪದಲ್ಲಿ. ಚಲನಚಿತ್ರ ಸಂಗೀತ ಕೆಟ್ಟುಹೋದದ್ದಕ್ಕೆ ಸಾಕ್ಷಿಯಾಗಿ.

ಪ್ರಸ್ತುತ ಲೇಖನದಲ್ಲಿ ನಾವು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಿಂದ 1972ರವರೆಗೆ ಸಿದ್ಧವಾದ ವಿದ್ಯುನ್ಮಾನ ಸಂಗೀತದ ಧ್ವನಿಸುರುಳಿಗಳನ್ನು ಪರಿಶೀಲಿಸಲು ಬಯಸುತ್ತೇವೆ. ಸುಮಾರು ನಾಲ್ಕೂವರೆ ದಶಕಗಳ ಕಾಲ ಸಂಸ್ಥೆಯ ಸಂಗ್ರಹದಲ್ಲಿ ಮೌನವಾಗಿದ್ದ ಈ ಸುರುಳಿಗಳನ್ನು ಲಂಡನ್ನಿನ ಕಲಾವಿದ ಹಾಗೂ ಸಂಗೀತಗಾರ ಪಾಲ್ ಪುರ್ಗಸ್ ಬೆಳಕಿಗೆ ತಂದರು. 2020ರಲ್ಲಿ ಬಿಬಿಸಿ ರೇಡಿಯೋದಲ್ಲಿ ಅವರ ಕಾರ್ಯಕ್ರಮ ಪ್ರಸಾರವಾಯಿತು. 2023ರಲ್ಲಿ ಆಯ್ದ ರಚನೆಗಳ ಸಂಕಲನ 'ದಿ ಎನ್‌ಐಡಿ ಟೇಪ್ಸ್' ಎಂಬ ಹೆಸರಿನಿಂದ ಹೊರಬಂದಿತು. 2024ರಲ್ಲಿ ಅವರ ಸಂಪಾದಕತ್ವದಲ್ಲಿ 'ಸಬ್‌ಕಾಂಟಿನೆಂಟಲ್ ಸಿಂಥಸಿಸ್' ಎಂಬ ಗ್ರಂಥವೂ ಪ್ರಕಟವಾಯಿತು. ಈ ಸಾಹಿತ್ಯವೆಲ್ಲ ಇಂಗ್ಲಿಷಿನಲ್ಲಿದೆ. ಅದರ ವ್ಯಾಖ್ಯಾನದ ನೆಲೆಯೂ ಇಂಗ್ಲಿಷಿನದೇ. ಕರ್ನಾಟಕದ ಹೊರಗಿದ್ದು ಕನ್ನಡದಲ್ಲಿ ಸಂಶೋಧನೆ ನಡೆಸುವ ನಮ್ಮಂಥವರಿಗೆ ಇಲ್ಲಿ ಬೇರೊಂದು ಬಗೆಯ ಕೆಲಸವಿದೆ ಎಂಬುದು ನಮ್ಮ ನಂಬಿಕೆ.

ಮೊದಲು ಇತಿವೃತ್ತವನ್ನು ನೋಡೋಣ. ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರಲ್ಲಿ ಭಾರತ ಸರ್ಕಾರಕ್ಕೆ ಒಪ್ಪಿಸಿದ ವರದಿಯ ಫಲವಾಗಿ 1961ರಲ್ಲಿ ಈ ಸಂಸ್ಥೆ ಅಹಮದಾಬಾದಿನಲ್ಲಿ ಸ್ಥಾಪನೆಗೊಂಡಿತು. ಅದನ್ನು ಕಟ್ಟಿ ಬೆಳೆಸಿದವರು ಅಲ್ಲಿನ ಗಿರಣಿ ಉದ್ಯಮಿ ಮನೆತನದ ಗೌತಮ್ ಸಾರಾಭಾಯಿ ಮತ್ತು ಗಿರಾ ಸಾರಾಭಾಯಿ. ಅವರ ಸೋದರಿ ಗೀತಾ ಸಾರಾಭಾಯಿ ಪಖಾವಜ್ ವಾದನ ಮತ್ತು ಗಾಯನಗಳಲ್ಲಿ ಪಳಗಿದವರು. 1946ರಲ್ಲಿ ಅವರು ನ್ಯೂಯಾರ್ಕಿಗೆ ಹೋಗಿ ಜಾನ್ ಕೇಜ್ ಅವರಿಂದ ಪಾಶ್ಚಾತ್ಯ ಸಂಗೀತದ ಪಾಠ ಹೇಳಿಸಿಕೊಂಡರು. ಅದಕ್ಕೆ ಬದಲಾಗಿ ಭಾರತೀಯ ಸಂಗೀತವನ್ನು ಅವರಿಗೆ ಹೇಳಿಕೊಟ್ಟರು. ಸಂಗೀತದ ಉದ್ದೇಶವೇನೆಂಬ ಕೇಜ್ ಅವರ ಪ್ರಶ್ನೆಗೆ ಮನಸ್ಸನ್ನು ಶಾಂತಗೊಳಿಸಿ ಅದನ್ನು ದೈವಿಕ ಪ್ರಭಾವಕ್ಕೆ ತೆರೆಯುವುದೇ ಎಂಬ ತಮ್ಮ ಗುರುವಿನ ಮಾತನ್ನು ಮುಟ್ಟಿಸಿದವರು ಇವರೇ. ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಸಂಗೀತ ಚಿಂತನೆಯ ದಿಕ್ಕನ್ನು ಬದಲಿಸಿದ ಸಂಗೀತಗಾರನೊಬ್ಬನ ಬದುಕಿನಲ್ಲಿ ಈ ಮಾತು ಎಷ್ಟು ಆಳಕ್ಕೆ ಇಳಿಯಿತೆಂಬುದು ಅವರ ಬರಹಗಳನ್ನು ಓದಿದವರಿಗೆಲ್ಲ ತಿಳಿದಿದೆ. ಆದರೆ ಅದನ್ನು ಹೇಳಿದ ಹೆಂಗಸು ಬಹುಕಾಲ ಅಡಿಟಿಪ್ಪಣಿಯಾಗಿಯೇ ಉಳಿದರು. ಗುಜರಾತಿನವರು ಅವರನ್ನು ಗೀತಾಬೆನ್ ಎನ್ನುತ್ತಾರೆ. ನಮ್ಮ ಕಡೆಯವರಾಗಿದ್ದರೆ ಗೀತಕ್ಕ ಎಂದೇ ಕರೆಯುತ್ತಿದ್ದೆವು.

1964ರಲ್ಲಿ ಮರ್ಸ್ ಕನಿಂಗ್‌ಹ್ಯಾಮ್ ನೃತ್ಯತಂಡ ಭಾರತಕ್ಕೆ ಬಂದಾಗ ಕೇಜ್ ಅವರೊಡನೆ ಪಿಯಾನೋ ವಾದಕ ಡೇವಿಡ್ ಟ್ಯೂಡರ್ ಸಹ ಅಹಮದಾಬಾದಿನಲ್ಲಿ ಸಾರಾಭಾಯಿ ಮನೆತನದ ಅತಿಥಿಯಾಗಿದ್ದರು. ಕೇಜ್ ಅವರ ಪ್ರಸಿದ್ಧ ಮೌನಕೃತಿಯನ್ನು 1952ರಲ್ಲಿ ಮೊದಲು ಪ್ರದರ್ಶಿಸಿದವರು ಈ ಟ್ಯೂಡರ್. 1969ರಲ್ಲಿ ಅವರು ಮತ್ತೆ ಬಂದು, ಪಾಲ್ಡಿಯ ಆವರಣದಲ್ಲಿ ಮೋಗ್ ಸಿಂಥಸೈಸರ್ ಮತ್ತು ಧ್ವನಿಮುದ್ರಣ ಯಂತ್ರಗಳನ್ನು ಜೋಡಿಸಿ, ಕೆಲವು ತಿಂಗಳು ಇದ್ದು, ಆಸಕ್ತರಿಗೆ ಅದರ ಬಳಕೆಯನ್ನು ಕಲಿಸಿದರು. ಅಲ್ಲಿ ಕೆಲಸ ಮಾಡಿದವರೆಂದು ಸುರುಳಿಗಳು ದಾಖಲಿಸುವ ಹೆಸರುಗಳು ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನ್‌ರಾಜ್ ಜೋಶಿಪುರಾ. ಇವರಲ್ಲಿ ಜೋಶಿಪುರಾ ಆಗಿನ್ನೂ ವಾಸ್ತುಶಿಲ್ಪದ ವಿದ್ಯಾರ್ಥಿ.

ಆ ಕಾಲದ ಅಹಮದಾಬಾದನ್ನು ನೆನೆಯದೆ ಈ ಸಂಗತಿ ಅರ್ಥವಾಗದು. ಗೀತಾ ಅವರ ಅಣ್ಣ ವಿಕ್ರಮ್ ಸಾರಾಭಾಯಿ ಅದೇ ಊರಿನಲ್ಲಿ 1947ರಿಂದ ಭೌತಶಾಸ್ತ್ರ ಸಂಶೋಧನಾಲಯವನ್ನು ನಡೆಸುತ್ತಿದ್ದರು. 1969ರ ಆಗಸ್ಟಿನಲ್ಲಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಅವರ ನೇತೃತ್ವದಲ್ಲಿ ಹುಟ್ಟಿತು. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಿದ್ದ. ಹೀಗಿರುವಾಗ ಜೋಶಿಪುರಾ ತಮ್ಮ ರಚನೆಗೆ 'ಸ್ಪೇಸ್ ಲೈನರ್ 2001' ಎಂದು ಹೆಸರಿಟ್ಟದ್ದು ತರುಣನೊಬ್ಬನ ವಿಲಾಸವಲ್ಲ. ಒಂದೇ ಕುಟುಂಬ, ಒಂದೇ ಊರು, ಒಂದೇ ವರ್ಷ: ಆಕಾಶಕ್ಕೆ ಯಂತ್ರವನ್ನು ಕಳಿಸುವ ಯೋಜನೆಯೂ ಯಂತ್ರದಿಂದ ಹೊಸ ಸ್ವರವನ್ನು ಹೊರಡಿಸುವ ಯೋಜನೆಯೂ ಒಂದೇ ಭರವಸೆಯ ಎರಡು ಕವಲುಗಳು. ಮೊದಲನೆಯದು ರಾಷ್ಟ್ರದ ಹೆಮ್ಮೆಯಾಯಿತು. ಎರಡನೆಯದು ಮೂರು ವರ್ಷಗಳಲ್ಲಿ ನಿಂತುಹೋಯಿತು.

ಇಲ್ಲಿ ಯಂತ್ರದ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ನಮ್ಮ ವಾದ ಅದನ್ನೇ ಅವಲಂಬಿಸಿದೆ. ರಾಬರ್ಟ್ ಮೋಗ್ ಅವರು ಅಮೆರಿಕೆಯಲ್ಲಿ 1964ರಲ್ಲಿ ರೂಪಿಸಿದ ಸಿಂಥಸೈಸರಿನಲ್ಲಿ ಸ್ವರವನ್ನು ಹುಟ್ಟಿಸುವುದು ಆಂದೋಲಕವೆಂಬ ವಿದ್ಯುನ್ಮಂಡಲ. ಅದಕ್ಕೆ ಕೊಡುವ ವೋಲ್ಟೇಜ್ ಏರಿದರೆ ಸ್ವರ ಏರುತ್ತದೆ, ಇಳಿದರೆ ಇಳಿಯುತ್ತದೆ. ಒಂದು ವೋಲ್ಟಿಗೆ ಒಂದು ಸ್ಥಾಯಿ ಎಂಬುದು ಅದರ ಅಳತೆ. ಹುಟ್ಟಿದ ಸ್ವರವನ್ನು ಫಿಲ್ಟರಿನ ಮೂಲಕ ಹಾಯಿಸಿ ಅದರ ಮೇಲಿನ ಅನುಸ್ವರಗಳನ್ನು ಕತ್ತರಿಸಬಹುದು ಇಲ್ಲವೆ ಉಳಿಸಬಹುದು. ಸ್ವರ ಹೇಗೆ ಏಳಬೇಕು, ಎಷ್ಟು ನಿಲ್ಲಬೇಕು, ಹೇಗೆ ಅಳಿಯಬೇಕು ಎಂಬುದನ್ನೂ ಬೇರೆ ಘಟಕವೊಂದು ನಿರ್ಧರಿಸುತ್ತದೆ. ಈ ಘಟಕಗಳನ್ನು ತಂತಿಗಳಿಂದ ಪರಸ್ಪರ ಜೋಡಿಸಬೇಕು. ಜೋಡಣೆ ಬದಲಾದರೆ ವಾದ್ಯವೇ ಬದಲಾಗುತ್ತದೆ. ಮುಖ್ಯವಾದ ಮಾತೆಂದರೆ, ವೋಲ್ಟೇಜಿಗೆ ಮೆಟ್ಟಿಲುಗಳಿಲ್ಲ. ಷಡ್ಜದಿಂದ ರಿಷಭಕ್ಕೆ ಅದು ಹರಿದುಹೋಗಬಲ್ಲದು.

ಮೆಟ್ಟಿಲುಗಳಿಲ್ಲ ಎಂಬ ಈ ಸಂಗತಿಗೆ ಭಾರತೀಯ ಸನ್ನಿವೇಶದಲ್ಲಿ ವಿಶೇಷ ಅರ್ಥವಿದೆ. ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಮ್ಮಿಗೆ ಬಹಿಷ್ಕಾರ ಹಾಕಿತು. ಅದರ ಕಪ್ಪುಬಿಳಿ ಮನೆಗಳು ಸ್ಥಾಯಿಯನ್ನು ಹನ್ನೆರಡು ಸಮಭಾಗಗಳಾಗಿ ಕಡಿಯುತ್ತವೆ, ಅದರಲ್ಲಿ ಗಮಕವೂ ಮೀಂಡೂ ಅಸಾಧ್ಯ ಎಂಬುದು ಆಕ್ಷೇಪ. ಈ ನಿಷೇಧ ಸಡಿಲಗೊಳ್ಳತೊಡಗಿದ್ದು 1971ರಲ್ಲಿ. ಎಂದರೆ, ಅಹಮದಾಬಾದಿನಲ್ಲಿ ಮೋಗ್ ಯಂತ್ರ ನುಡಿಯುತ್ತಿದ್ದಾಗ ಅದೇ ದೇಶದ ಬಾನುಲಿಯಲ್ಲಿ ಹಾರ್ಮೋನಿಯಂ ನುಡಿಯುವಂತಿರಲಿಲ್ಲ. ಹಾರ್ಮೋನಿಯಮ್ಮಿನ ವಿರುದ್ಧ ಶಾಸ್ತ್ರಜ್ಞರು ಎತ್ತಿದ ಆಕ್ಷೇಪಕ್ಕೆ ತಾತ್ವಿಕವಾಗಿ ಉತ್ತರ ಕೊಡಬಲ್ಲ ಯಂತ್ರ ದೇಶದೊಳಗೇ ಇತ್ತು. ಆದರೆ ಆ ಚರ್ಚೆಯಲ್ಲಿ ಅದರ ಪ್ರಸ್ತಾಪವೇ ಬರಲಿಲ್ಲ. ಮುಂದೆ ಪೇಟೆಗೆ ಬಂದ ಕೀಬೋರ್ಡುಗಳು, 1983ರ ಯಮಹಾ ಡಿಎಕ್ಸ್7 ಮೊದಲಾದವು, ಮತ್ತೆ ಅದೇ ಹನ್ನೆರಡು ಮನೆಗಳಿಗೆ ಮರಳಿದವು. ಸ್ವರವನ್ನು ಬಾಗಿಸಲು ಎಡಬದಿಯಲ್ಲೊಂದು ಚಕ್ರವನ್ನಿಟ್ಟು ಕೈತೊಳೆದುಕೊಂಡವು. ಹೀಗಾಗಿ ನಾವು ಇಂದು ಸಿಂಥಸೈಸರ್ ಎಂದು ದೂರುವುದು ಬಹುಪಾಲು ವಿದ್ಯುತ್ ಹಾರ್ಮೋನಿಯಮ್ಮನ್ನು.

ಈಗ ಸಂಕಲನದ ರಚನೆಗಳ ವಿಚಾರ. ಇವುಗಳನ್ನು ಕುರಿತು ಪಾಶ್ಚಾತ್ಯ ಪತ್ರಿಕೆಗಳಲ್ಲಿ ಬಂದ ಬರಹಗಳಲ್ಲಿ ಒಂದು ಮಾತು ಮತ್ತೆಮತ್ತೆ ಕೇಳಿಬರುತ್ತದೆ: ಯುರೋಪು ಮತ್ತು ಅಮೆರಿಕೆಗಳಲ್ಲಿ 1980ರ ದಶಕದಲ್ಲಿ ಹುಟ್ಟಿದ ನೃತ್ಯಗೃಹದ ಸಂಗೀತವನ್ನು ಅಹಮದಾಬಾದು ಹತ್ತು ಹದಿನೈದು ವರ್ಷ ಮೊದಲೇ ಊಹಿಸಿತ್ತು ಎಂಬುದು. ಶರ್ಮಾ ಅವರ 'ಡ್ಯಾನ್ಸ್ ಮ್ಯೂಸಿಕ್' ರಚನೆಗಳಲ್ಲಿ ಪುನರಾವರ್ತನೆಗೊಳ್ಳುವ ಯಾಂತ್ರಿಕ ಬಡಿತವನ್ನು ಕೇಳಿದಾಗ ಈ ಹೋಲಿಕೆ ಹೊಳೆಯುವುದು ಸಹಜ. ಇದೇ ಬಗೆಯ ಮಾತನ್ನು ಮುಂಬಯಿಯ ಚರಣ್‌ಜಿತ್ ಸಿಂಗ್ ಅವರ 1982ರ ಧ್ವನಿಮುದ್ರಿಕೆಯನ್ನು ಕುರಿತೂ ಹೇಳಲಾಯಿತು. ರೋಲಂಡ್ ಸಂಸ್ಥೆಯ ಟಿಬಿ-303, ಟಿಆರ್-808 ಮತ್ತು ಜ್ಯೂಪಿಟರ್-8 ಯಂತ್ರಗಳಲ್ಲಿ ಹತ್ತು ರಾಗಗಳನ್ನು ಡಿಸ್ಕೋ ಲಯಕ್ಕೆ ನುಡಿಸಿದ ಆ ಮುದ್ರಿಕೆ ಅಂದು ಯಾರ ಗಮನಕ್ಕೂ ಬೀಳದೆ, 2010ರಲ್ಲಿ ಮರುಬಿಡುಗಡೆಯಾದಾಗ ಶಿಕಾಗೋದ ಆಸಿಡ್ ಸಂಗೀತಕ್ಕಿಂತ ಮೊದಲಿನದೆಂದು ಕೊಂಡಾಡಲ್ಪಟ್ಟಿತು.

ಈ ಹೊಗಳಿಕೆಯನ್ನು ನಾವು ಒಪ್ಪುವುದಿಲ್ಲ. ಸಂತೋಷಪಡಬೇಕಾದ ಕಡೆ ಜಗಳ ತೆಗೆಯುವುದು ಕನ್ನಡ ವಿಮರ್ಶಕರ ಹಳೆಯ ಚಾಳಿ ಎನ್ನುವವರು ಎನ್ನಲಿ. 'ನಿಮ್ಮಲ್ಲಿ ಇದು ಮೊದಲೇ ಇತ್ತು' ಎಂಬ ಮಾತಿನಲ್ಲಿ 'ಇದು' ಎಂಬುದರ ಅಳತೆಗೋಲು ಹೇಳುವವನ ಕೈಯಲ್ಲೇ ಉಳಿಯುತ್ತದೆ. ಶರ್ಮಾ ಅವರ ರಚನೆ ಇಪ್ಪತ್ತು ವರ್ಷಗಳ ನಂತರದ ಬರ್ಲಿನ್ನಿನ ನೃತ್ಯಗೃಹಕ್ಕೆ ಹತ್ತಿರವೆಂಬ ಕಾರಣದಿಂದ ಬೆಲೆಬಾಳುವುದಾದರೆ, ಅಷ್ಟು ಹತ್ತಿರವಲ್ಲದ ರಚನೆಗಳ ಗತಿಯೇನು? ಗೀತಾ ಅವರದು, ದೇಸಾಯಿ ಅವರದು, ಮಾಥುರ್ ಅವರದು, ಯಾವುದರ ಮುನ್ನುಡಿಯೂ ಅಲ್ಲದ ತುಣುಕುಗಳು, ಬರಿಯ ಕುತೂಹಲದ ವಸ್ತುಗಳಾಗಿ ಕೆಳಗಿಳಿಯುತ್ತವೆ. ನಮ್ಮ ಸಾಹಿತ್ಯ ಚರಿತ್ರೆಯೂ ಒಂದು ಕಾಲದಲ್ಲಿ ಇಂಥದೇ ತಪ್ಪನ್ನು ಮಾಡಿತ್ತು. ವಚನಗಳನ್ನು ಮುಕ್ತಛಂದಸ್ಸಿನ ಪೂರ್ವರೂಪವೆಂದು ಮೆಚ್ಚಿಕೊಂಡವರಿಗೆ ವಚನಕಾರರು ಏನು ಮಾಡುತ್ತಿದ್ದರು ಎಂಬುದು ಕಾಣಿಸಲಿಲ್ಲ.

ನೇರವಾಗಿ ಹೇಳುವುದಾದರೆ, ಈ ಸಂಕಲನದ ಎಷ್ಟೋ ಭಾಗ ಅಭ್ಯಾಸದ ಪಾಠ. ಹೊಸ ವಾದ್ಯವನ್ನು ಕೈಗೆತ್ತಿಕೊಂಡವರು ಅದು ಏನೇನು ನುಡಿಯಬಲ್ಲದೆಂದು ತಡಕಾಡಿ ನೋಡಿದ ಗುರುತುಗಳು. ಟ್ಯೂಡರ್ ಅವರದೇ ತುಣುಕುಗಳು ಇವುಗಳ ಜೊತೆಗಿವೆ. ಮುದ್ರಣಯಂತ್ರದಿಂದ ಹೊರಬಂದ ಧ್ವನಿಯನ್ನು ಮರಳಿ ಅದರೊಳಕ್ಕೇ ಹಾಯಿಸಿ ಅದು ತನ್ನನ್ನು ತಾನೇ ತಿನ್ನುವಂತೆ ಮಾಡುವ ಆ ವಿಧಾನದಲ್ಲಿ ಅವರು ಆಗಲೇ ಸಿದ್ಧಹಸ್ತರು. ಅವರ ಪಕ್ಕದಲ್ಲಿ ಉಳಿದವರು ಕಲಿಯುವವರಂತೆ ಕೇಳಿಸುತ್ತಾರೆ, ಕಲಿಯುವವರೇ ಆಗಿದ್ದರು. ಇದನ್ನು ಒಪ್ಪಿಕೊಂಡರೆ ಅವರ ಮರ್ಯಾದೆಗೆ ಕುಂದಿಲ್ಲ. ಆದರೆ ಪಾಠ ಮುಗಿದು ರಚನೆ ಆರಂಭವಾಗುವ ಹೊತ್ತಿಗೆ ಶಾಲೆಯೇ ಮುಚ್ಚಿತೆಂಬುದು ಇಲ್ಲಿನ ನಿಜವಾದ ನಷ್ಟ. ಅಮೂಲ್ಯ ಕೃತಿಗಳು ಮರೆಯಾಗಿದ್ದವು ಎಂಬ ಕಥೆಗಿಂತ ಈ ನಷ್ಟ ದೊಡ್ಡದು. 1970ರ ದಶಕದ ಆರಂಭದಲ್ಲಿ ಸಾರಾಭಾಯಿ ಸೋದರ ಸೋದರಿಯರು ಸಂಸ್ಥೆಯಿಂದ ದೂರಸರಿದರು. ವಿಕ್ರಮ್ ಅವರು 1971ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದರು. ಬಡ ದೇಶದ ವಿನ್ಯಾಸ ಶಾಲೆಯೊಂದು ಕುರ್ಚಿ, ಪಾತ್ರೆ, ಬಟ್ಟೆಗಳನ್ನು ಬಿಟ್ಟು ವಿಚಿತ್ರ ಸದ್ದುಗಳನ್ನು ಏಕೆ ಉತ್ಪಾದಿಸಬೇಕು ಎಂಬ ಪ್ರಶ್ನೆಗೆ ಆ ಕಾಲದಲ್ಲಿ ಉತ್ತರ ಹೇಳುವುದು ಕಷ್ಟವಿತ್ತು, ಇಂದೂ ಸುಲಭವಲ್ಲ.

'ವಿಚಿತ್ರ ಸದ್ದು' ಎಂದೆವು. ಈ ಪದವನ್ನೇ ಹಿಡಿದು ಸ್ವಲ್ಪ ದೂರ ಹೋಗೋಣ. ಕನ್ನಡದಲ್ಲಿ ಸದ್ದು, ಶಬ್ದ, ದನಿ, ನಾದ, ಉಲಿ ಎಂಬ ಪದಗಳು ಒಂದೇ ವಸ್ತುವಿನ ಪರ್ಯಾಯಗಳಲ್ಲ. ದನಿಗೆ ಒಡೆಯನೊಬ್ಬ ಇರುತ್ತಾನೆ. ಕತ್ತಲಲ್ಲಿ ದನಿ ಕೇಳಿದರೆ ಯಾರೆಂದು ವಿಚಾರಿಸುತ್ತೇವೆ. ಸದ್ದಿಗೆ ಒಡೆಯನಿಲ್ಲ, 'ಸದ್ದಾಯಿತು' ಎನ್ನುತ್ತೇವೆ, ಏನೆಂದು ವಿಚಾರಿಸುತ್ತೇವೆ. ನಾದವೆಂದರೆ ಶ್ರುತಿಗೆ ಹೊಂದಿ ನಿಂತದ್ದು, ಅದನ್ನು ಯಾರು ಹೊರಡಿಸಿದರೆಂಬ ಪ್ರಶ್ನೆಯನ್ನು ಮೀರಿದ್ದು. ಇಂಗ್ಲಿಷಿನ ವಿಮರ್ಶೆ ಈ ಸುರುಳಿಗಳನ್ನು ಕುರಿತು ಮಾತನಾಡುವಾಗ 'ಗದ್ದಲವೋ ಸಂಗೀತವೋ' ಎಂಬ ಇಬ್ಬಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಕನ್ನಡದ ಕಿವಿಗೆ ಅಲ್ಲಿ ಮೂರನೆಯ ಹಾದಿಯಿದೆ: ಸದ್ದು ನಾದವಾಗುವ ನಡುವಿನ ಸ್ಥಿತಿ. ಈ ಸಂಕಲನದ ಉತ್ತಮ ಕ್ಷಣಗಳೆಲ್ಲ ಅಲ್ಲಿಯವೇ. ಒಡೆಯನಿಲ್ಲದ ಸದ್ದೊಂದು ಶ್ರುತಿಯೊಂದನ್ನು ಹುಡುಕಿಕೊಳ್ಳುವಂತೆ ಕೇಳಿಸಿ, ಸಿಕ್ಕುವ ಮೊದಲೇ ಕದಲಿಬಿಡುತ್ತದೆ.

ಹದಿಮೂರನೆಯ ಶತಮಾನದಲ್ಲಿ ದೇವಗಿರಿಯಲ್ಲಿದ್ದ ಶಾರ್ಙ್ಗದೇವನು ನಾದವನ್ನು ಆಹತ, ಅನಾಹತವೆಂದು ವಿಭಾಗಿಸಿದ್ದು ಸರ್ವವಿದಿತ. ತಂತಿಯನ್ನು ಮೀಟದೆ, ಚರ್ಮವನ್ನು ಬಡಿಯದೆ, ಗಾಳಿಯನ್ನು ಊದದೆ ಆಂದೋಲಕದಲ್ಲಿ ಹುಟ್ಟುವ ಈ ಸ್ವರವನ್ನು ಅನಾಹತವೆಂದು ಕರೆಯುವ ಆಸೆ ಕೆಲವರಿಗಾದೀತು. ಅಂಥ ಸಲೀಸಾದ ಸಮೀಕರಣದಿಂದ ದೂರವಿರುವುದು ಒಳ್ಳೆಯದು. ಯೋಗಿಯ ಒಳಗಿವಿಗೆ ಕೇಳುವುದನ್ನೂ ಧ್ವನಿವರ್ಧಕದ ಕಾಗದದ ಕಂಪನವನ್ನೂ ಒಂದೇ ಎನ್ನುವುದರಿಂದ ಎರಡಕ್ಕೂ ಅವಮಾನ.

ಸದ್ದಿನ ಬಗ್ಗೆ ಕನ್ನಡಕ್ಕೆ ಬೇರೊಬ್ಬ ಗುರುವಿದ್ದಾರೆ. ಬಿ.ವಿ. ಕಾರಂತರು ಬನಾರಸಿನಲ್ಲಿ ಓದುತ್ತಿದ್ದಾಗ ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದುಸ್ತಾನಿ ಸಂಗೀತವನ್ನು ಅಭ್ಯಾಸ ಮಾಡಿದರು. ಠಾಕೂರರು ಗುಜರಾತಿನವರು. ಹಾಗೆ ನೋಡಿದರೆ ಗುಜರಾತಿಗೂ ಕನ್ನಡ ನಾಡಿಗೂ ಸಂಗೀತದ ಕೊಡುಕೊಳೆ ಹಳೆಯದು. ಮೈಸೂರಿನ ಆಸ್ಥಾನದಲ್ಲಿ ಕರ್ನಾಟಕ ಸಂಗೀತವನ್ನು ಕಲಿತು ಮನ್ನಣೆ ಪಡೆದ ಮೌಲಾಬಕ್ಷರೇ ಮುಂದೆ 1886ರಲ್ಲಿ ಬರೋಡದಲ್ಲಿ ಸಯಾಜಿರಾವ್ ಮಹಾರಾಜರ ಆಶ್ರಯದಲ್ಲಿ ಗಾಯನಶಾಲೆಯನ್ನು ತೆರೆದವರು. ಕಾರಂತರ ವಿಷಯಕ್ಕೆ ಮರಳುವುದಾದರೆ, ಶಾಸ್ತ್ರೀಯ ಪಾಠವನ್ನು ಹೊತ್ತು ರಂಗಭೂಮಿಗೆ ಬಂದ ಅವರು ರಾಗವನ್ನಷ್ಟೇ ತರಲಿಲ್ಲ. ಕಲ್ಲು, ಬಿದಿರು, ತಗಡು, ನಟರ ಉಸಿರು, ಕೂಗು ಎಲ್ಲವೂ ಅವರ ಕೈಯಲ್ಲಿ ರಂಗಸಂಗೀತವಾದವು. 'ಜೋಕುಮಾರಸ್ವಾಮಿ'ಯನ್ನು ಅವರು ಬೆಂಗಳೂರಿನಲ್ಲಿ ರಂಗಕ್ಕೆ ತಂದದ್ದು 1972ರಲ್ಲಿ. ಅಹಮದಾಬಾದಿನ ಕೊನೆಯ ಸುರುಳಿಗಳೂ ಅದೇ ವರ್ಷದವು. ಇಬ್ಬರೂ ಪರಸ್ಪರರನ್ನು ಬಲ್ಲವರಾಗಿದ್ದರೆಂದು ಸೂಚಿಸುವುದು ನಮ್ಮ ಉದ್ದೇಶವಲ್ಲ. ಒಂದೇ ಗಳಿಗೆಯಲ್ಲಿ ಒಂದೇ ಪ್ರಶ್ನೆ ಎರಡು ಕಡೆ ಎದ್ದಿತ್ತು. ಒಂದು ಕಡೆ ಅದಕ್ಕೆ ಆಮದಾದ ದುಬಾರಿ ಯಂತ್ರದ ಸಲಕರಣೆಯಿತ್ತು, ಇನ್ನೊಂದು ಕಡೆ ನೋಡುವ ಜನರಿದ್ದರು. ಕಾರಂತರ ಸದ್ದು ಉಳಿದದ್ದು ಪ್ರೇಕ್ಷಕರ ನೆನಪಿನಲ್ಲಿ, ಅವರ ಶಿಷ್ಯರ ಗಂಟಲಿನಲ್ಲಿ. ಅಹಮದಾಬಾದಿನ ಸದ್ದು ಉಳಿದದ್ದು ಕಾಂತಪಟ್ಟಿಯಲ್ಲಿ ಮಾತ್ರ. ಯಾವುದು ಹೆಚ್ಚು ಬಾಳುವ ಮಾಧ್ಯಮವೆಂಬ ಪ್ರಶ್ನೆಗೆ ನಾವು ಊಹಿಸುವಷ್ಟು ಸರಳ ಉತ್ತರವಿಲ್ಲ.

ಇಷ್ಟರಿಂದ ವಿದ್ಯುನ್ಮಾನ ವಾದ್ಯದ ಭಾರತೀಯ ಚರಿತ್ರೆ ಒಂದು ಗಣ್ಯ ಸಂಸ್ಥೆಯ ಕೋಣೆಯೊಳಗೇ ನಡೆಯಿತೆಂಬ ಭಾವನೆ ಬಂದರೆ ಅದು ತಪ್ಪು. 1954ರ 'ನಾಗಿನ್' ಚಿತ್ರದಲ್ಲಿ ಹಾವಾಡಿಗನ ಪುಂಗಿಯೆಂದು ದೇಶವೇ ತಲೆದೂಗಿದ ಸ್ವರ ಪುಂಗಿಯದಲ್ಲ. ಹೇಮಂತ್ ಕುಮಾರರ ಸಂಗೀತಕ್ಕೆ ಕಲ್ಯಾಣ್‌ಜಿಯವರು ನುಡಿಸಿದ ಕ್ಲಾವಿಯೊಲಿನ್ ಎಂಬ ವಿದ್ಯುತ್ ವಾದ್ಯದ್ದು. ಕಲ್ಯಾಣ್‌ಜಿ ಕಚ್ಛ್ ಮೂಲದವರು. ಮೋಗ್ ಯಂತ್ರಕ್ಕಿಂತ ಹದಿನೈದು ವರ್ಷ ಮೊದಲೇ ಗುಜರಾತಿ ಕೈಯೊಂದು ವಿದ್ಯುತ್ತಿನಿಂದ ಸ್ವರ ಹೊರಡಿಸಿ ಜನಸಾಮಾನ್ಯರ ಕಿವಿಗೆ ಮುಟ್ಟಿಸಿತ್ತು. ವ್ಯತ್ಯಾಸವಿರುವುದು ಉದ್ದೇಶದಲ್ಲಿ. ಅಲ್ಲಿ ಯಂತ್ರ ಪುಂಗಿಯ ವೇಷ ಹಾಕಿತ್ತು, ವೇಷ ಎಷ್ಟು ಚೆನ್ನಾಗಿತ್ತೆಂದರೆ ನಿಜವಾದ ಪುಂಗಿಯೇ ಆಮೇಲೆ ಸಪ್ಪೆಯೆನಿಸಿತು. ಅಹಮದಾಬಾದಿನವರು ಯಂತ್ರಕ್ಕೆ ವೇಷ ಹಾಕಲು ಒಪ್ಪಲಿಲ್ಲ.

ಜನರ ನಡುವಿನ ಈ ಇನ್ನೊಂದು ಚರಿತ್ರೆಯನ್ನು ಕಾಣಲು ಸೂರತ್ತಿನ ಕತಾರ್‌ಗಾಮ್‌ಗೆ ಹೋಗಬೇಕು. ವಜ್ರ ಉಜ್ಜುವ ಕಾರ್ಖಾನೆಗಳ ಬಡಾವಣೆಯದು. ಕೆಲಸಗಾರರಲ್ಲಿ ಬಹಳ ಜನ ಸೌರಾಷ್ಟ್ರದಿಂದ ವಲಸೆ ಬಂದವರು. ಹಗಲೆಲ್ಲ ಅವರು ಸುತ್ತುವರಿದು ಕೂತು ಕಲ್ಲು ಉಜ್ಜುವ ತಿರುಗುಗಾಲಿಗೆ ಅಲ್ಲಿ 'ಘಂಟಿ' ಎನ್ನುತ್ತಾರೆ. ನವರಾತ್ರಿಯ ಒಂಬತ್ತು ಇರುಳು ಅದೇ ಜನ ಗರಬಾದ ವೃತ್ತದಲ್ಲಿರುತ್ತಾರೆ. ವೇದಿಕೆಯ ಮೇಲೆ ಢೋಲಿನ ಪಕ್ಕದಲ್ಲಿ ಕೀಬೋರ್ಡೂ 1985ರಲ್ಲಿ ರೋಲಂಡ್ ಸಂಸ್ಥೆ ಹೊರತಂದ ಆಕ್ಟೊಪ್ಯಾಡಿನ ಸಂತತಿಯೂ ಇರುತ್ತವೆ. ಆರು ಮಾತ್ರೆಯ ಹೀಂಚ್ ತಾಳವನ್ನು ರಬ್ಬರಿನ ಎಂಟು ಚೌಕಗಳ ಮೇಲೆ ಕಡ್ಡಿಯಿಂದ ನುಡಿಸುವ ಆ ವಾದಕನಿಗೆ ಟ್ಯೂಡರ್ ಹೆಸರು ತಿಳಿದಿರಬೇಕಾದ ಅಗತ್ಯವಿಲ್ಲ. ಗುಜರಾತಿನಲ್ಲಿ ವಿದ್ಯುನ್ಮಾನ ನೃತ್ಯಸಂಗೀತ ಎಂದು ಏನನ್ನಾದರೂ ಕರೆಯಬೇಕಾದರೆ ಅದು ಇದನ್ನೇ. ಶರ್ಮಾ ಅವರ ಸುರುಳಿಗಳಿಗೆ ಆ ಹೆಸರಿತ್ತು. ಕತಾರ್‌ಗಾಮಿನ ವೇದಿಕೆಗೆ ಹೆಸರಿಲ್ಲ, ನರ್ತಿಸುವವರಿದ್ದಾರೆ. ವಿದ್ವತ್ಪತ್ರಿಕೆಗಳು ಮೊದಲನೆಯದನ್ನು ಕುರಿತು ಗ್ರಂಥಗಳನ್ನು ಬರೆಯುತ್ತವೆ, ಎರಡನೆಯದನ್ನು ಶಬ್ದಮಾಲಿನ್ಯದ ಸುದ್ದಿಗೆ ಬಿಡುತ್ತವೆ. ಮಾರ್ಗ ಮತ್ತು ದೇಸಿಗಳ ಭೇದವನ್ನು ಒಂಬತ್ತನೆಯ ಶತಮಾನದಿಂದ ಚರ್ಚಿಸಿಕೊಂಡು ಬಂದ ಭಾಷೆಯ ವಿದ್ವಾಂಸರಿಗಾದರೂ ಇದು ಕಣ್ಣಿಗೆ ಬೀಳಬೇಕು. ಇಲ್ಲಿನ ವಿಪರ್ಯಾಸವೆಂದರೆ ಮಾರ್ಗದ ಸ್ಥಾನದಲ್ಲಿ ಕೂತಿರುವುದು ಯಾವ ಪರಂಪರೆಯೂ ಇಲ್ಲದ ಮೂರು ವರ್ಷಗಳ ಪ್ರಯೋಗ, ದೇಸಿಯ ಸ್ಥಾನದಲ್ಲಿರುವುದು ಜಪಾನಿನಿಂದ ಬಂದ ಪೆಟ್ಟಿಗೆ.

ಕನ್ನಡ ನಾಡಿನ ವಿಚಾರಕ್ಕೆ ಬಂದರೆ, ಚಲನಚಿತ್ರ ಸಂಗೀತದ ಚರ್ಚೆ 1987ರ 'ಪ್ರೇಮಲೋಕ'ದಿಂದ ಆರಂಭವಾಗಿ ಅಲ್ಲಿಗೇ ಮುಗಿಯುವ ವಾಡಿಕೆ. ಹಂಸಲೇಖ ಅವರ ಆ ಹಾಡುಗಳಲ್ಲಿ ಕೀಬೋರ್ಡು ಹಿನ್ನೆಲೆಯಿಂದ ಮುಂದಕ್ಕೆ ಬಂದದ್ದು ನಿಜ. ಆ ದಶಕದಿಂದಾಚೆಗೆ ಪಿಟೀಲು ವಾದಕರ ಸಾಲುಗಳು ಸ್ಟುಡಿಯೋಗಳಲ್ಲಿ ಕರಗುತ್ತ ಹೋಗಿ ಎಷ್ಟೋ ವಾದಕರ ಅನ್ನಕ್ಕೆ ಕಲ್ಲು ಬಿದ್ದದ್ದೂ ನಿಜ. ಎರಡನ್ನೂ ಒಟ್ಟಿಗೆ ಹೇಳುವ ವಿಮರ್ಶೆ ಇನ್ನೂ ಬರಬೇಕಾಗಿದೆ. ಅದಿಲ್ಲಿ ನಮ್ಮ ವಿಷಯವಲ್ಲ.

ನಮ್ಮ ದೃಷ್ಟಿಯಲ್ಲಿ ಕನ್ನಡ ನಾಡಿನ ವಿದ್ಯುನ್ಮಾನ ಸಂಗೀತ ಚರಿತ್ರೆ ಆರಂಭವಾಗಬೇಕಾದದ್ದು ಬೇರೊಂದು ಕಡೆಯಿಂದ. ಬೆಂಗಳೂರಿನ ಎಂಜಿನಿಯರ್ ಹಾಗೂ ಕೊಳಲು ವಾದಕ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ರೂಪಿಸಿದ ವಿದ್ಯುನ್ಮಾನ ತಂಬೂರಿ ಇಂದು ಭಾರತೀಯ ಸಂಗೀತ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಇದೆ. ಅವರ ರೇಡೆಲ್ ಸಂಸ್ಥೆಯ ಪೆಟ್ಟಿಗೆಯನ್ನು ಯಾವ ವಿಮರ್ಶಕನೂ ಸಿಂಥಸೈಸರ್ ಎಂದು ಕರೆದಿಲ್ಲ. ಆದರೆ ಅದು ಅದೇ: ಆಂದೋಲಕದಿಂದ ಸ್ವರ ಹುಟ್ಟಿಸಿ, ಅನುಸ್ವರಗಳನ್ನು ಬೆರೆಸಿ, ಏಳುವ ಅಳಿಯುವ ಗತಿಯನ್ನು ರೂಪಿಸಿ, ನಾಲ್ಕು ತ‌ಂತಿಗಳ ಸರದಿಯನ್ನು ಎಡೆಬಿಡದೆ ನುಡಿಸುವ ಯಂತ್ರ. ಮಾಥುರ್ ಅವರ ಅಹಮದಾಬಾದಿನ ರಚನೆಯೊಂದಕ್ಕೆ 'ಒಮ್ಮೆ ನಾನು ತಂಬೂರಿ ನುಡಿಸಿದೆ' ಎಂಬರ್ಥದ ಇಂಗ್ಲಿಷ್ ಶೀರ್ಷಿಕೆಯಿದೆ. ಆ ಶೀರ್ಷಿಕೆಯ ಭೂತಕಾಲ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಯಂತ್ರದ ಮುಂದೆ ಕುಳಿತವನಿಗೆ ತಂಬೂರಿ ಹಿಂದಿನ ಕಥೆಯಾಗಿ ಕಾಣುತ್ತದೆ. ಬೆಂಗಳೂರಿನ ಯಂತ್ರದ ನಿಲುವು ತದ್ವಿರುದ್ಧ. ತಂಬೂರಿ ಹಿಂದಿನ ಕಥೆಯಾಗದಿರಲಿ ಎಂದೇ ಅದು ಹುಟ್ಟಿದ್ದು.

ಆದರೆ ಈ ಸೇವೆಗೆ ತೆತ್ತ ಬೆಲೆಯೂ ಇದೆ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸುವ ನೂಲಿನ ಎಳೆಯಿಂದ ಅನುಸ್ವರಗಳು ಅರಳುವ ಗುಣಕ್ಕೆ ಸಂಗೀತಗಾರರು ಜವಾರಿ ಎನ್ನುತ್ತಾರೆ. (ಉತ್ತರ ಕರ್ನಾಟಕದಲ್ಲಿ ಜೋಳ, ಮೆಣಸಿನಕಾಯಿಗಳ ನಾಟಿ ತಳಿಗೂ ಜವಾರಿ ಎನ್ನುವುದುಂಟು. ಎರಡು ಪದಗಳ ಮೂಲ ಬೇರೆಯಾದರೂ ಕಿವಿಗೆ ಈ ಹೊಂದಾಣಿಕೆ ಹಿತವಾಗಿದೆ.) ಆ ನೂಲನ್ನು ಕೂದಲೆಳೆಯಷ್ಟು ಸರಿಸಿದರೆ ತಂಬೂರಿಯ ಜೀವವೇ ಬದಲಾಗುತ್ತದೆ. ಶಿಷ್ಯನಾದವನು ಹಾಡಲು ಕಲಿಯುವ ಮುಂಚೆ ಈ ಸರಿಸುವಿಕೆಯನ್ನು ಕಲಿಯುತ್ತಿದ್ದ, ಅದರ ಮೂಲಕ ಕೇಳಲು ಕಲಿಯುತ್ತಿದ್ದ. ಪೆಟ್ಟಿಗೆಯಲ್ಲಿ ಗುಂಡಿ ತಿರುಗಿಸಿದರೆ ಶ್ರುತಿ ಸಿದ್ಧ. ಶ್ರುತಿ ಸೇರಿಸುವ ಶ್ರಮ ಹೋದಲ್ಲಿ ಶ್ರುತಿಯನ್ನು ಹುಡುಕುವ ಕಿವಿಯೂ ಹೋಗುತ್ತದೆಯೇ ಎಂಬುದು ಸಣ್ಣ ಪ್ರಶ್ನೆಯಲ್ಲ. ಇನ್ನೊಂದು ಪಕ್ಕದಲ್ಲಿ, ದೆಹಲಿ, ಸೂರತ್ತು, ವಡೋದರೆಗಳ ಎರಡು ಕೋಣೆಯ ಮನೆಗಳಲ್ಲಿ ಸಂಜೆ ಮಕ್ಕಳಿಗೆ ಸರಳೆ ವರಸೆ ಹೇಳಿಕೊಡುವ ಕನ್ನಡ ಗೃಹಿಣಿಗೆ ಮಿರಜಿನ ತಂಬೂರಿಯನ್ನು ತರಿಸುವ, ಇಡುವ, ಅದರ ಶ್ರುತಿಯನ್ನು ಕಾಯುವ ಅನುಕೂಲ ಎಲ್ಲಿಂದ ಬರಬೇಕು? ಹೊರನಾಡಿನಲ್ಲಿ ಕರ್ನಾಟಕ ಸಂಗೀತದ ಪಾಠ ಕಡಿಯದೆ ನಡೆದಿದ್ದರೆ ಅದರಲ್ಲಿ ಈ ಪೆಟ್ಟಿಗೆಯ ಪಾಲು ಯಾವ ಸಭೆ ಸಂಸ್ಥೆಗಿಂತ ಕಡಿಮೆಯದಲ್ಲ. ಈಗ ಆ ಪೆಟ್ಟಿಗೆಯ ಸ್ಥಾನವನ್ನೂ ಮೊಬೈಲ್ ಫೋನು ಆಕ್ರಮಿಸುತ್ತಿದೆ. ಮೊದಲ ತಲೆಮಾರಿನ ಪೆಟ್ಟಿಗೆಗಳ ಕಚ್ಚಾ, ಸ್ವಲ್ಪ ಗೊಗ್ಗರಾದ ದನಿಯನ್ನು ಬಾಲ್ಯದಲ್ಲಿ ಕೇಳಿದವರಿಗೆ ಅದೇ ಈಗ ಹಳೆಯ ವಾದ್ಯವಾಗಿ ಕೇಳಿಸುತ್ತದೆ.

ಸಂಶೋಧಕರಿಗೆ ಸಂಬಂಧಿಸಿದ ಮಾತೊಂದನ್ನು ಇಲ್ಲಿಯೇ ಹೇಳಬೇಕು. ಅಹಮದಾಬಾದಿನ ಸುರುಳಿಗಳು ಉಳಿದದ್ದು ಯಾರೋ ಅವುಗಳ ಬೆಲೆಯನ್ನು ಬಲ್ಲವರಾಗಿದ್ದರಿಂದ ಎಂದು ಹೇಳುವುದು ಕಷ್ಟ. ಎಸೆಯದೆ ಬಿಟ್ಟದ್ದರಿಂದ ಉಳಿದವು. ಕಾಂತಪಟ್ಟಿಯ ಮೇಲಿನ ಲೇಪನವನ್ನು ಹಿಡಿದಿಡುವ ಅಂಟು ತೇವಾಂಶವನ್ನು ಹೀರಿ ಕಾಲಕ್ರಮದಲ್ಲಿ ಕರಗುತ್ತದೆ. ಹಾಗಾದ ಪಟ್ಟಿಯನ್ನು ಯಂತ್ರದಲ್ಲಿ ಓಡಿಸಿದರೆ ಲೇಪನವೇ ಕಿತ್ತುಬರುತ್ತದೆ. ಅಂಥ ಸುರುಳಿಗೆ ಸಿಗುವುದು ಬಹುಶಃ ಒಂದೇ ಅವಕಾಶ. ಧಾರವಾಡದಲ್ಲಿ ಆಕಾಶವಾಣಿ ಆರಂಭವಾದದ್ದು 1950ರಲ್ಲಿ. ಅಲ್ಲಿಯೂ ಬೆಂಗಳೂರು, ಮೈಸೂರುಗಳಲ್ಲಿಯೂ ದಶಕಗಳ ಕಾಲ ಇದೇ ಕಾಂತಪಟ್ಟಿಗಳ ಮೇಲೆ ಗಾಯನ, ನಾಟಕ, ಭಾಷಣಗಳು ಮುದ್ರಣವಾದವು. ಅವುಗಳಲ್ಲಿ ಪ್ರಸಿದ್ಧರ ಗಾಯನವನ್ನು ಉಳಿಸಿಕೊಳ್ಳುವ ಬಗ್ಗೆ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಬಾನುಲಿ ನಾಟಕಕ್ಕೆ ಗುಡುಗು, ಗಾಡಿಯ ಚಕ್ರ, ಬಾಗಿಲಿನ ಕಿರುಗುಟ್ಟುವಿಕೆಗಳನ್ನು ತಯಾರಿಸಿದ ತಂತ್ರಜ್ಞರ ಸುರುಳಿಗಳನ್ನು ಕುರಿತು ಯಾರೂ ಕೇಳುವುದಿಲ್ಲ; ಅವು ಸದ್ದಿನ ಕಪಾಟಿಗೆ ಸೇರಿದವು, ನಾದದ ಕಪಾಟಿಗಲ್ಲ. ಪುರ್ಗಸ್ ಅವರ ವ್ಯಾಖ್ಯಾನದೊಡನೆ ನಮಗೆ ಎಷ್ಟೇ ತಕರಾರಿರಲಿ, ಅವರು ಪೆಟ್ಟಿಗೆಯ ಮೇಲಿನ ಹೆಸರುಗಳನ್ನು ಓದಿ, ಬದುಕಿದ್ದವರನ್ನು ಹುಡುಕಿ ಮಾತನಾಡಿಸಿದರು. ಆ ಕೆಲಸವನ್ನು ಕನ್ನಡದಲ್ಲಿ ಮಾಡಲು ಹೊರಡುವವರು ಮೊದಲು ನೋಡಬೇಕಾದದ್ದು ನಾಟಕ ವಿಭಾಗದ ದಾಸ್ತಾನು ಪುಸ್ತಕಗಳನ್ನು. ಸುರುಳಿ ಕರಗಿದ್ದರೂ ಅಲ್ಲಿ ದಿನಾಂಕವೂ ಸದ್ದಿನ ಹೆಸರೂ ಅದನ್ನು ಮುದ್ರಿಸಿದವರ ಸಹಿಯೂ ಸಿಗಬಹುದು.